ಎಂಟು ಸೆಂಟಿಮೀಟರಿನ ಇಡುಗಂಟು

ದಾವಣಗೆರೆಯಿಂದ ಕೊಂಡಜ್ಜಿಗೆ ಹೋಗುವ ದಾರಿಯಲ್ಲಿ ಹಂಪ್‌ಗಳಿಗೇನೂ ಬರವಿಲ್ಲ. ಗಾಡಿ ಪಕ್ಕಕ್ಕೆ ಹಾಕಿ, ಒಂದು ಹಂಪ್‌ನ ನೆತ್ತಿಯನ್ನು ಬಗ್ಗಿ ನೋಡಿ. ಡಾಂಬರಿನ ಮೇಲೆ ಗಾಡಿ ಸಾಗುವ ದಿಕ್ಕಿನಲ್ಲೇ ಎಳೆದ ಗೀರುಗಳಿರುತ್ತವೆ. ಹಳೆಯವುಗಳಲ್ಲಿ ಮಣ್ಣು ತುಂಬಿದೆ, ಹೊಸವು ಬೆಳ್ಳಗೆ ಮಿನುಗುತ್ತಿವೆ. ರಬ್ಬರಿನ ಟೈರು ಡಾಂಬರನ್ನು ಹೀಗೆ ಗೀರಲಾರದು. ಅದು ಕಬ್ಬಿಣದ ಕೆಲಸ: ಯಾವುದೋ ಕಾರಿನ ಸೈಲೆನ್ಸರ್ ಪೈಪು, ಯಾವುದೋ ಕಾರಿನ ಆಯಿಲ್ ಚೇಂಬರು.

ಭಾನುವಾರ ಬೆಳಿಗ್ಗೆ ಇಲ್ಲಿ ಕೂತರೆ ಗೀರು ಬೀಳುವುದನ್ನು ಕಣ್ಣಾರೆ ನೋಡಬಹುದು. ಗುಡ್ಡ, ಕೆರೆ, ಸ್ಕೌಟ್ಸ್ ಶಿಬಿರದ ನೆರಳು ಎಂದು ದಾವಣಗೆರೆ, ಹರಿಹರದ ಹುಡುಗರು ಬೆಣ್ಣೆದೋಸೆ ಮುಗಿಸಿಕೊಂಡು ಇತ್ತ ತಿರುಗುತ್ತಾರೆ. ಅವರಲ್ಲಿ ಕೆಲವರ ಕಾರುಗಳು ನೆಲಕ್ಕೆ ಕುಂತಂತಿರುತ್ತವೆ. ಚಕ್ರದ ಮೇಲಿನ ಸಂದಿಯಲ್ಲಿ ಎರಡು ಬೆರಳು ತೂರುವುದೂ ಕಷ್ಟ. ಹಂಪ್ ಬಂದಾಗ ಕಾರು ನೇರವಾಗಿ ಹತ್ತುವುದಿಲ್ಲ. ರಸ್ತೆಯ ಅಗಲಕ್ಕೂ ಓರೆಯಾಗಿ, ಒಂದೊಂದೇ ಚಕ್ರವನ್ನು ಮೇಲಿಟ್ಟು, ಗರ್ಭಿಣಿಯನ್ನು ಮೆಟ್ಟಿಲು ಇಳಿಸುವಷ್ಟು ಜೋಪಾನವಾಗಿ ದಾಟುತ್ತದೆ. ಅಷ್ಟಾದರೂ ಕೊನೆಗೊಂದು ಕರ್ರೆಂಬ ಸದ್ದು.

ಅಂಥ ಕಾರಿನ ಹುಡುಗನೊಬ್ಬನನ್ನು ಮಾತಿಗೆಳೆದೆ. “ಎರಡು ಇಂಚು ಇಳಿಸೀನಿ ಸಾರ್. ಈಗ ನೋಡ್ರಿ, ಗಾಡಿ ರೋಡಿಗೆ ಅಂಟಿಕೊಂಡು ಹೋಗ್ತೈತಿ” ಎಂದ. ಖರ್ಚೆಷ್ಟಾಯಿತು ಎಂದೆ. “ಸ್ಪ್ರಿಂಗ್ ಕಟ್ ಮಾಡ್ಸೀನಿ, ಅದಕ್ಕೇನ್ ಭಾಳ ಆಗಂಗಿಲ್ಲ” ಎಂದು ನಕ್ಕ.

ಅವನ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳೋಣ. ಕಾರು ತಿರುವಿನಲ್ಲಿ ಓಡುವಾಗ ಅದರ ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳ ಮೇಲೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಗುರುತ್ವಕೇಂದ್ರದ ಎತ್ತರಕ್ಕೆ ಕಟ್ಟುಬಿದ್ದಿದೆ. 1,200 ಕಿಲೊ ತೂಕದ ಕಾರು, ಎಡಬಲ ಚಕ್ರಗಳ ನಡುವೆ 150 ಸೆಂ.ಮೀ. ಅಂತರ, ನೆಲದಿಂದ 55 ಸೆಂ.ಮೀ. ಎತ್ತರದಲ್ಲಿ ಗುರುತ್ವಕೇಂದ್ರ ಎಂದಿಟ್ಟುಕೊಳ್ಳಿ. ಜೋರಾದ ತಿರುವಿನಲ್ಲಿ ಅಡ್ಡಬಲ ಕಾರಿನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟಾದರೆ, ಸುಮಾರು 352 ಕಿಲೊ ಭಾರ ಹೊರಗಿನ ಚಕ್ರಗಳಿಗೆ ಹೋಗುತ್ತದೆ. ಕಾರನ್ನು 5 ಸೆಂ.ಮೀ. ತಗ್ಗಿಸಿದರೆ ಅದು 320 ಕಿಲೊ. ಉಳಿಕೆ 32 ಕಿಲೊ, ನೂರಕ್ಕೆ ಒಂಬತ್ತು. ಲಾಭ ಇಷ್ಟು. ಇನ್ನು ಈ ಲಾಭಕ್ಕೆ ಕೊಟ್ಟ ಬೆಲೆ ನೋಡೋಣ.

ನಿಂತ ಕಾರಿನ ಚಕ್ರ ಮೇಲಕ್ಕೆ ಚಲಿಸಲು ಒಂದಷ್ಟು ಜಾಗ ಉಳಿದಿರುತ್ತದೆ. ಸಾಮಾನ್ಯ ಕಾರಿನಲ್ಲಿ ಇದು ಎಂಟು ಸೆಂಟಿಮೀಟರಿನ ಆಸುಪಾಸು. ಆ ಜಾಗ ಮುಗಿದಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರಿನ ಗುಬಟು ಇರುತ್ತದೆ, ಅದರಾಚೆ ಕಬ್ಬಿಣಕ್ಕೆ ಕಬ್ಬಿಣ. ರಸ್ತೆಯ ಗುಂಡಿ, ಹಂಪ್, ಹಿಂದಿನ ಸೀಟಿನ ಮೂವರು, ಡಿಕ್ಕಿಯ ಅಕ್ಕಿಮೂಟೆ ಎಲ್ಲಕ್ಕೂ ಖರ್ಚು ಕೊಡಬೇಕಾದದ್ದು ಈ ಎಂಟು ಸೆಂಟಿಮೀಟರಿನಿಂದಲೇ. ಮನೆಯೊಡತಿ ಕಷ್ಟಕಾಲಕ್ಕೆಂದು ಸಾಸಿವೆ ಡಬ್ಬಿಯಲ್ಲಿ ಮುಚ್ಚಿಟ್ಟ ಇಡುಗಂಟಿನಂತೆ. ಕಾರು ತಗ್ಗಿಸುವುದೆಂದರೆ ಈ ಗಂಟನ್ನು ಮೊದಲೇ ಬಿಚ್ಚಿ ಸೊಗಸಿಗೆ ಸುರಿದಂತೆ.

ಲೆಕ್ಕ ಹಾಕಿಯೇ ನೋಡೋಣ. ಒಂದು ಚಕ್ರದ ಸ್ಪ್ರಿಂಗ್ ಮೇಲೆ 300 ಕಿಲೊ ಭಾರ. ಬಿಡಿಯಾಗಿ ನಿಲ್ಲಿಸಿದರೆ ಸ್ಪ್ರಿಂಗ್ 36 ಸೆಂ.ಮೀ. ಉದ್ದ, ಅದಕ್ಕೆ ಆರು ಸುತ್ತು. ಭಾರ ಬಿದ್ದಾಗ ಅದು 15 ಸೆಂ.ಮೀ. ಕುಸಿದು 21 ಸೆಂ.ಮೀ.ಗೆ ನಿಲ್ಲುತ್ತದೆ. ಈಗ ಒಂದೂವರೆ ಸುತ್ತು ಕತ್ತರಿಸಿ. ಉದ್ದ 27 ಸೆಂ.ಮೀ.ಗೆ ಇಳಿಯಿತು. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿರುಸಾಗುತ್ತದೆ. ಆರು ಸುತ್ತು ನಾಲ್ಕೂವರೆಯಾದರೆ ಬಿರುಸು ಮೂರನೇ ಒಂದರಷ್ಟು ಏರುತ್ತದೆ. ಹಾಗಾಗಿ ಅದೇ ಭಾರಕ್ಕೆ ಅದು ಕುಸಿಯುವುದು 11 ಸೆಂ.ಮೀ.ಗೆ ತುಸು ಹೆಚ್ಚು, ನಿಲ್ಲುವುದು ಸುಮಾರು 16 ಸೆಂ.ಮೀ.ನಲ್ಲಿ. ಕಾರು ಇಳಿದದ್ದು 5.2 ಸೆಂ.ಮೀ., ಹುಡುಗ ಹೇಳಿದ ಎರಡು ಇಂಚು. ಎಂಟು ಸೆಂಟಿಮೀಟರಿನ ಗಂಟಿನಲ್ಲಿ ಉಳಿದದ್ದು 2.8.

“ಸ್ಪ್ರಿಂಗ್ ಬಿರುಸಾಯ್ತಲ್ಲ, ಅದೇ ತಡಕೊಳ್ಳುತ್ತೆ” ಎಂಬುದು ಗ್ಯಾರೇಜಿನ ಸಮಾಧಾನ. ಅದನ್ನೂ ತೂಗೋಣ. ಗುದ್ದು ಬಿದ್ದಾಗ ಸ್ಪ್ರಿಂಗ್ ನುಂಗಬಲ್ಲ ಶಕ್ತಿ ಅದರ ಬಿರುಸಿನ ಪ್ರಮಾಣದಲ್ಲಿ ಏರುತ್ತದೆ ನಿಜ, ಆದರೆ ಉಳಿದ ಜಾಗದ ವರ್ಗಕ್ಕನುಗುಣವಾಗಿ ಇಳಿಯುತ್ತದೆ. ಮೂಲ ಸ್ಪ್ರಿಂಗ್ ಬಂಪ್ ಸ್ಟಾಪಿಗೆ ತಾಕುವ ಮುಂಚೆ 64 ಜೂಲ್ ನುಂಗುತ್ತಿತ್ತು. ಕತ್ತರಿಸಿದ ಸ್ಪ್ರಿಂಗ್ ನುಂಗುವುದು ಹತ್ತೂವರೆ ಜೂಲ್. ಆರರಲ್ಲಿ ಒಂದು ಪಾಲು. ಉಳಿದ 2.8 ಸೆಂ.ಮೀ.ನಲ್ಲೇ ಹಿಂದಿನಷ್ಟು ಗುದ್ದು ತಡೆಯಬೇಕೆಂದರೆ ಸ್ಪ್ರಿಂಗ್ ಮೂಲದ ಎಂಟು ಪಟ್ಟು ಬಿರುಸಾಗಬೇಕು. ಆಗ ಕಾರಿನ ಮೈ ಸೆಕೆಂಡಿಗೆ ಒಂದೂಕಾಲು ಸಲದ ಬದಲು ನಾಲ್ಕರ ಹತ್ತಿರ ಕುಲುಕುತ್ತದೆ. ಕೂತವರ ದೇಹ ಮೇಲೆ ಕೆಳಗಿನ ಅದುರಿಗೆ ಅತಿ ಹೆಚ್ಚು ನೋಯುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ನಡುವೆ ಎಂದು ಕಂಪನದ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 2631 ಗುರುತಿಸಿದೆ. ಸೊಂಟದ ನೋವು ಅಲ್ಲಿಂದ ಬರುತ್ತದೆ.

ಇಷ್ಟೂ ಚಾಲಕನೊಬ್ಬನೇ ಕೂತಾಗಿನ ಲೆಕ್ಕ. ಹಿಂದಿನ ಚಕ್ರದ ಮೇಲೆ ಇನ್ನು 60 ಕಿಲೊ ಬಿತ್ತು ಎನ್ನಿ, ಮೂವರು ಗೆಳೆಯರು ಮತ್ತು ಊಟದ ಬುತ್ತಿ. ಮೂಲ ಕಾರಿನಲ್ಲಿ ಆಗಲೂ 5 ಸೆಂ.ಮೀ. ಉಳಿಯುತ್ತದೆ. ತಗ್ಗಿಸಿದ ಕಾರಿನಲ್ಲಿ ಉಳಿಯುವುದು ಅರ್ಧ ಸೆಂಟಿಮೀಟರಿಗೆ ತುಸು ಹೆಚ್ಚು. ನುಂಗಬಲ್ಲ ಶಕ್ತಿ 25 ಜೂಲ್ ಎದುರು ಅರ್ಧ ಜೂಲಿಗೂ ಕಡಿಮೆ, ಐವತ್ತರಲ್ಲಿ ಒಂದು ಪಾಲೂ ಇಲ್ಲ. ಅಲ್ಲಿಗೆ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ಕಾರು ರಬ್ಬರಿನ ಗುಬಟಿನ ಮೇಲೆ ಕೂತು ಓಡುತ್ತಿರುತ್ತದೆ. ಒಬ್ಬನೇ ಓಡಿಸಿ ನೋಡಿ “ಏನೂ ಆಗಲಿಲ್ಲ” ಎಂದ ಹುಡುಗನಿಗೆ ಇದು ಗೊತ್ತಾಗುವುದೇ ಇಲ್ಲ. ಗೊತ್ತಾಗುವ ದಿನ ಕಾರಿನ ತುಂಬ ಜನವಿರುತ್ತಾರೆ.

ಸಂಗತಿ ಇನ್ನೂ ಒಂದಿದೆ. ಶಾಕ್ ಅಬ್ಸಾರ್ಬರಿನ ಉದ್ದವನ್ನು ಯಾರೂ ಕತ್ತರಿಸಿಲ್ಲ. ಚಕ್ರ ಪೂರ್ತಿ ಕೆಳಕ್ಕೆ ಜೋತಾಗ ಸ್ಪ್ರಿಂಗಿನ ಎರಡು ಪೀಠಗಳ ನಡುವೆ 30 ಸೆಂ.ಮೀ. ಅಂತರವಾಗುತ್ತದೆ ಎಂದಿಟ್ಟುಕೊಳ್ಳಿ. 36 ಸೆಂ.ಮೀ. ಸ್ಪ್ರಿಂಗ್ ಆಗಲೂ ಬಿಗಿಯಾಗಿಯೇ ಕೂತಿರುತ್ತಿತ್ತು. 27 ಸೆಂ.ಮೀ. ತುಂಡು ಮೂರು ಸೆಂ.ಮೀ. ಸಡಿಲವಾಗಿ ಒಳಗೆ ಲೊಟಲೊಟ ಆಡುತ್ತದೆ. ಹಂಪ್ ಹಾರಿದಾಗ, ಚಕ್ರ ಆಳದ ಗುಂಡಿಗೆ ಇಳಿದಾಗ ಅದು ಪೀಠ ಬಿಟ್ಟು ಓರೆಯಾಗಿ ಕೂತರೆ, ಮುಂದಿನ ಬ್ರೇಕಿಗೆ ಕಾರು ಯಾವ ಕಡೆ ಎಳೆಯುತ್ತದೆ ಎಂದು ಹೇಳಬಲ್ಲವರಿಲ್ಲ.

ಕತ್ತರಿಸುವ ಬಗೆಯೂ ಮುಖ್ಯ. ಹರಿಹರ ಲೇತಿನ ಊರು. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಲ್ಲಿ ಲೇತ್ ಕಟ್ಟಿತು, ಕಬ್ಬಿಣವನ್ನು ಮಿಲಿಮೀಟರಿನ ನೂರನೇ ಭಾಗದಲ್ಲಿ ಅಳೆಯುವ ಕೈಗಳನ್ನು ಬೆಳೆಸಿತು. ಅಂಥ ಊರಿನ ಹಿರಿಯ ಮೇಸ್ತ್ರಿಯನ್ನು ಕೇಳಿದರೆ ಗ್ಯಾಸ್ ಕಟರ್ ಹಿಡಿದು ಸ್ಪ್ರಿಂಗಿನ ಹತ್ತಿರ ಬಂದವನನ್ನು ಬೈದು ಕಳಿಸುತ್ತಾರೆ. ಸ್ಪ್ರಿಂಗ್ ಉಕ್ಕಿನ ಜೀವ ಅದರ ಹದದಲ್ಲಿದೆ. ಕಾಯಿಸಿ, ತಣಿಸಿ, ಮತ್ತೆ ನಾನೂರು ಡಿಗ್ರಿಯ ಆಸುಪಾಸಿನಲ್ಲಿ ಹದಗೊಳಿಸಿದ ಉಕ್ಕು ಅದು. ಕೆಂಪಗೆ ಕಾದ ಜಾಗದಲ್ಲಿ ಹದ ಹಾರಿಹೋಗುತ್ತದೆ. ನಿಧಾನ ಆರಿದರೆ ಮೆತ್ತಗಾಗಿ ಕುಸಿಯುತ್ತದೆ, ನೀರು ಚಿಮುಕಿಸಿ ಆರಿಸಿದರೆ ಗಾಜಿನಂತೆ ಪೆಡಸಾಗುತ್ತದೆ. ತಯಾರಿಕೆಯಲ್ಲಿ ಸ್ಪ್ರಿಂಗಿನ ಮೈಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ಸಿಡಿಸಿ ಬಿರುಕು ಹುಟ್ಟದಂತೆ ಗಟ್ಟಿ ಮಾಡಿರುತ್ತಾರೆ. ಉರಿ ತಾಗಿದಲ್ಲಿ ಆ ಕಾವಲೂ ಹೋಯಿತು.

ಲೋಹ ದಣಿಯುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅವರು ರೈಲು ಗಾಡಿಯ ಅಚ್ಚುಗಳ ಮೇಲೆ ನಡೆಸಿದ ಪ್ರಯೋಗಗಳ ಪಾಠ ಇದು: ಒಂದು ಸಲಕ್ಕೆ ಮುರಿಯದ ಹೊರೆಯೇ ಲಕ್ಷ ಸಲ ಬಿದ್ದಾಗ ಮುರಿಯುತ್ತದೆ, ಹೊರೆ ಸ್ವಲ್ಪ ಏರಿದರೂ ಬಾಳಿಕೆ ಹಲವು ಪಟ್ಟು ಇಳಿಯುತ್ತದೆ. ಆದ್ದರಿಂದಲೇ ಕತ್ತರಿಸಿದ ಸ್ಪ್ರಿಂಗ್ ಗ್ಯಾರೇಜಿನ ಮುಂದೆ ಮುರಿಯುವುದಿಲ್ಲ. ಆರು ತಿಂಗಳೋ ವರ್ಷವೋ ಕಳೆದು, ಎಲ್ಲರೂ ಮರೆತಾಗ ಮುರಿಯುತ್ತದೆ.

ಈಗ ಹಂಪ್‌ಗೆ ಬರೋಣ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಐಆರ್‌ಸಿ 99 ಸಂಹಿತೆ ಹಂಪ್‌ಗೆ ಅಳತೆ ಕೊಟ್ಟಿತ್ತು: 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಬಾಗು, ಗಂಟೆಗೆ 25 ಕಿ.ಮೀ. ವೇಗಕ್ಕೆ. ಎರಡೂವರೆ ಮೀಟರ್ ಚಕ್ರಾಂತರದ ಕಾರು ಇದರ ಮೇಲೆ ನಿಂತರೆ ಹೊಟ್ಟೆಯ ಕೆಳಗೆ ಬೇಕಾದ ಜಾಗ ಬರೀ 4.6 ಸೆಂ.ಮೀ. ಇದನ್ನು ತಗ್ಗಿಸಿದ ಕಾರೂ ದಾಟೀತು. ಆದರೆ ನಮ್ಮ ಹಳ್ಳಿಗಳ ಹಂಪ್ ಸಂಹಿತೆ ನೋಡಿ ಹುಟ್ಟಿದ್ದಲ್ಲ. ಯಾರದೋ ಮಗು ಅಪಘಾತದಲ್ಲಿ ಸತ್ತ ಮರುದಿನ, ಸಿಟ್ಟಿನಲ್ಲಿ ರಾತ್ರೋರಾತ್ರಿ ಹಾಕಿದ ಹಂಪ್ ಮೊಣಕೈಯಷ್ಟು ಅಗಲ, ಗೇಣು ಎತ್ತರ ಇದ್ದರೂ ಆಶ್ಚರ್ಯವಿಲ್ಲ. ಅಂಥ ಹಂಪ್ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಬಂದಾಗ ಎರಡೂ ಚಕ್ರ ನೆಲದ ಮೇಲಿರುತ್ತವೆ, ಹಂಪ್‌ನ ಇಡೀ ಎತ್ತರ ಕಾರಿನ ಹೊಟ್ಟೆಗೆ ಎದುರಾಗುತ್ತದೆ. ಕಾರ್ಖಾನೆಯಿಂದ ಬಂದಾಗ ನೆಲದಿಂದ 16 ಸೆಂ.ಮೀ. ಎತ್ತರವಿದ್ದ ಕಾರು ತಗ್ಗಿಸಿದ ಮೇಲೆ 11ಕ್ಕೆ, ಜನ ತುಂಬಿದ ಮೇಲೆ ಒಂಬತ್ತರ ಕೆಳಕ್ಕೆ ಇಳಿದಿರುತ್ತದೆ. ಗೀರುಗಳ ಗುಟ್ಟು ಇದು. ಆಯಿಲ್ ಚೇಂಬರ್ ಬಿರಿದರೆ ಎಂಜಿನ್ ಎಣ್ಣೆ ಸೋರಿ ನಿಮಿಷಗಳಲ್ಲಿ ಬೇರಿಂಗ್ ಹಿಡಿದುಕೊಳ್ಳುತ್ತದೆ. ಚೇಂಬರಿನ ಅಕ್ಕಪಕ್ಕದಲ್ಲೇ ಬ್ರೇಕಿನ ಪೈಪು, ಪೆಟ್ರೋಲ್ ಪೈಪು ಹಾಯುತ್ತವೆ.

ಇದಕ್ಕೆ ನಮ್ಮ ನೆಲದ ಗುಣವನ್ನೂ ಸೇರಿಸಿ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲಿನ ರಸ್ತೆ ಅಲೆಅಲೆಯಾಗಿ ಏಳುತ್ತದೆ. ಸುಗ್ಗಿಯಲ್ಲಿ ರಸ್ತೆಯ ಅರ್ಧದಲ್ಲಿ ಮೆಕ್ಕೆಜೋಳ ಹರಡಿ, ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ಎತ್ತರದ ಗಾಡಿ ಕಾಣದೆ ದಾಟುವ ಕಲ್ಲು ತಗ್ಗಿದ ಗಾಡಿಗೆ ಗೂಟವಾಗುತ್ತದೆ.

ಗುದ್ದಿಗಿಂತ ಹೆಚ್ಚಿನ ಅಪಾಯ ತಿರುವಿನಲ್ಲಿದೆ. ತಿರುವಿನಲ್ಲಿ ಹೊರಗಿನ ಚಕ್ರದ ಸ್ಪ್ರಿಂಗ್ ಕುಸಿಯಬೇಕು, ಅದು ಸಹಜ. ಜಾಗ ಮುಗಿದು ರಬ್ಬರಿಗೆ ತಾಕಿದ ಕ್ಷಣದಲ್ಲಿ ಆ ಮೂಲೆಯ ಬಿರುಸು ಒಮ್ಮೆಲೇ ಹಲವು ಪಟ್ಟಾಗುತ್ತದೆ, ಸರಿಯುವ ಭಾರವೆಲ್ಲ ಅಲ್ಲಿಗೇ ನುಗ್ಗುತ್ತದೆ, ಆ ಟೈರು ಹಿಡಿತ ಬಿಡುತ್ತದೆ. ಮುಂದಿನದು ಬಿಟ್ಟರೆ ಕಾರು ಸ್ಟೀರಿಂಗ್ ಕೇಳದೆ ನೇರ ಹೋಗುತ್ತದೆ. ಹಿಂದಿನದು ಬಿಟ್ಟರೆ ಬಾಲ ಬೀಸಿ ಬುಗುರಿಯಾಗುತ್ತದೆ. ಹಿಂದಿನ ಸೀಟು ತುಂಬಿದಾಗ ಯಾವುದು ಮೊದಲು ಬಿಡುತ್ತದೆ ಎಂಬುದನ್ನು ಮೇಲಿನ ಲೆಕ್ಕವೇ ಹೇಳಿದೆ. ಮುಂಚೆ ಸೂಚನೆ ಕೊಟ್ಟು ಜಾರುತ್ತಿದ್ದ ಕಾರು ಈಗ ಸೂಚನೆ ಇಲ್ಲದೆ ಜಾರುತ್ತದೆ.

ಬಹುಪಾಲು ಕಾರುಗಳ ಮುಂಭಾಗದಲ್ಲಿ ಚಕ್ರವನ್ನು ಹಿಡಿದಿರುವ ರಚನೆ ಮ್ಯಾಕ್‌ಫರ್ಸನ್ ಸ್ಟ್ರಟ್. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಹೆಸರಿನ ಈ ರಚನೆ 1950ರ ಹೊತ್ತಿಗೆ ಫೋರ್ಡ್ ಕಾರುಗಳಲ್ಲಿ ಬಂತು. ಅಗ್ಗ, ಸರಳ, ಗಟ್ಟಿ. ಆದರೆ ಚಕ್ರವನ್ನು ಕೆಳಗಿನಿಂದ ಹಿಡಿಯುವ ಇದರ ತೋಳು, ಲೋವರ್ ಆರ್ಮ್, ನೆಲಕ್ಕೆ ಸಮನಾಗಿ ಇರುವಂತೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಕಾರು ತಗ್ಗಿದಾಗ ಆರ್ಮಿನ ಹೊರತುದಿ ಮೇಲಾಗಿ, ಒಳತುದಿ ಕೆಳಗಾಗುತ್ತದೆ. ಆಗ ಕಾರು ವಾಲುವ ಬಿಂದು ಗುರುತ್ವಕೇಂದ್ರಕ್ಕಿಂತ ಬೇಗ ಕೆಳಕ್ಕೆ ಜಾರುತ್ತದೆ, ಎರಡರ ನಡುವಿನ ದೂರ ಹೆಚ್ಚುತ್ತದೆ. ಈ ದೂರವೇ ಕಾರನ್ನು ವಾಲಿಸುವ ಮೀಟುಗೋಲು. ವಾಲದಿರಲಿ ಎಂದು ತಗ್ಗಿಸಿದ ಕಾರು ವಾಲುವ ಆಸೆಯನ್ನು ಹೆಚ್ಚಿಸಿಕೊಂಡಂತಾಯಿತು. ಹಂಪ್ ಏರಿದಾಗ ಸ್ಟೀರಿಂಗ್ ತಾನೇ ತಿರುಗಿದಂತಾಗುವುದೂ ಇದರ ಜೊತೆಗೇ ಬರುವ ಬಳುವಳಿ.

ಸದ್ದಿಲ್ಲದ ಹಾನಿಗಳೂ ಇವೆ. ತಗ್ಗಿದ ಕಾರಿನ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಟೈರಿನ ಒಳಅಂಚು ಮಾತ್ರ ಸವೆಯುತ್ತದೆ. ಹೊರಗಿನಿಂದ ನೋಡಿದವರಿಗೆ ಟೈರು ಹೊಸದರಂತಿರುತ್ತದೆ. ಒಳಗೆ ತಂತಿ ಕಾಣುವವರೆಗೆ ತಿಂದಿರುತ್ತದೆ. ಬೇಸಿಗೆಯಲ್ಲಿ ಹೆದ್ದಾರಿ 48ರಲ್ಲಿ ಚಿತ್ರದುರ್ಗದ ಕಡೆ ನೂರರ ವೇಗದಲ್ಲಿ ಅದು ಸಿಡಿದರೆ ಪಕ್ಕದ ಸಾಲಿನಲ್ಲಿ ಇರುವವರ ಗತಿಯೂ ಅದೇ. ಇನ್ನು ಬೆಳಕು: ಕಾರಿನ ಹಿಂಭಾಗ ಮುಂಭಾಗಕ್ಕಿಂತ 2 ಸೆಂ.ಮೀ. ಹೆಚ್ಚು ಕುಸಿದರೆ, 50 ಮೀಟರ್ ಮುಂದೆ ಹೆಡ್‌ಲೈಟಿನ ಬೆಳಕು 40 ಸೆಂ.ಮೀ. ಮೇಲೇರುತ್ತದೆ. ಎದುರು ಬರುವ ಬೈಕಿನವನ ಕಣ್ಣಿಗೆ ಕತ್ತಲೆ. ಅವನಿಗೆ ನಿಮ್ಮ ಸ್ಪ್ರಿಂಗಿನ ಸುದ್ದಿ ಗೊತ್ತಿಲ್ಲ.

“ರೇಸ್ ಕಾರು ನೆಲಕ್ಕೆ ಅಂಟಿರಲ್ವಾ?” ಎಂದು ಕೇಳುವವರಿದ್ದಾರೆ. ಇರುತ್ತದೆ, ಅಲ್ಲಿಯೂ ಮಿತಿ ಇದೆ. 1994ರ ಜರ್ಮನ್ ಗ್ರ್ಯಾನ್ ಪ್ರಿಯಿಂದ ಫಾರ್ಮುಲಾ ಒನ್ ಕಾರುಗಳ ತಳಕ್ಕೆ 10 ಮಿ.ಮೀ. ದಪ್ಪದ ಹಲಗೆ ಕಡ್ಡಾಯವಾಗಿದೆ. ಅದು 1 ಮಿ.ಮೀ.ಗಿಂತ ಹೆಚ್ಚು ಸವೆದಿದ್ದರೆ ಕಾರು ಅತಿ ತಗ್ಗಾಗಿ ಓಡಿದೆ ಎಂದೇ ಲೆಕ್ಕ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಆಸ್ಟಿನ್ ಪಂದ್ಯದಲ್ಲಿ ಲೂಯಿಸ್ ಹ್ಯಾಮಿಲ್ಟನ್ ಎರಡನೆಯವರಾಗಿ ಬಂದರು, ಹಲಗೆ ಸವೆದಿದ್ದಕ್ಕೆ ಅನರ್ಹರಾದರು. ಶಾರ್ಲ್ ಲೆಕ್ಲೇರ್ ಗತಿಯೂ ಅದೇ ಆಯಿತು. ಆಸ್ಟಿನ್ ಉಬ್ಬುತಗ್ಗಿಗೆ ಹೆಸರಾದ ಟ್ರ್ಯಾಕು. ನೂರಾರು ಎಂಜಿನಿಯರುಗಳು, ನೂರಾರು ಸಂವೇದಕಗಳು ಇರುವ ತಂಡಗಳಿಗೇ ಮಿಲಿಮೀಟರಿನ ಲೆಕ್ಕ ತಪ್ಪಿತು. ನಮ್ಮ ನಾಡಿನ ರ್‍ಯಾಲಿಗಳನ್ನು ನೋಡಿ, ಬೆಂಗಳೂರಿನ ಕೆ-1000 ಆಗಲಿ, ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಾಗಲಿ. ಮಣ್ಣಿನ ಮೇಲೆ ವೇಗಕ್ಕಾಗಿಯೇ ಓಡಿಸುವ ಆ ಕಾರುಗಳನ್ನು ತಗ್ಗಿಸುವುದಿಲ್ಲ. ಎತ್ತರಿಸಿ, ಚಕ್ರದ ಓಡಾಟದ ಜಾಗ ಹೆಚ್ಚಿಸಿ, ಹೊಟ್ಟೆಗೆ ಲೋಹದ ತಟ್ಟೆ ಕಟ್ಟುತ್ತಾರೆ. ಕೊಂಡಜ್ಜಿಯ ದಾರಿ ಈ ಎರಡರಲ್ಲಿ ಯಾವುದಕ್ಕೆ ಹತ್ತಿರ ಎಂದು ಕೇಳಬೇಕಿಲ್ಲ.

ಮುಂದೆ ಬರುವ ಕೇಡು ಇದಕ್ಕಿಂತ ದೊಡ್ಡದು. ಇಂದು ಹಂಪ್ ಗೀರುವುದು ಎಣ್ಣೆಯ ಚೇಂಬರನ್ನು. ಹೊಸ ವಿದ್ಯುತ್ ಕಾರುಗಳ ಹೊಟ್ಟೆಯಲ್ಲಿ ಮುಂದಿನಿಂದ ಹಿಂದಿನವರೆಗೆ ಮಲಗಿರುವುದು ಬ್ಯಾಟರಿ. 2013ರ ಅಕ್ಟೋಬರಿನಲ್ಲಿ ಅಮೆರಿಕದ ಸಿಯಾಟಲ್ ಸಮೀಪ ಹೆದ್ದಾರಿಯಲ್ಲಿ ಬಿದ್ದಿದ್ದ ಲೋಹದ ತುಂಡು ಟೆಸ್ಲಾ ಮಾಡೆಲ್ ಎಸ್ ಕಾರಿನ ತಳಕ್ಕೆ ಹೊಡೆದು ಬ್ಯಾಟರಿಗೆ ಬೆಂಕಿ ಹತ್ತಿತು. ಮರುತಿಂಗಳು ಟೆನೆಸಿಯಲ್ಲಿ ಅಂಥದೇ ಇನ್ನೊಂದು. ಕಂಪನಿ ಮೊದಲು ಮಾಡಿದ ಕೆಲಸ ಗಮನಿಸಿ: ಹೆದ್ದಾರಿ ವೇಗದಲ್ಲಿ ಕಾರು ತಗ್ಗಿ ಓಡುತ್ತಿದ್ದುದನ್ನು ಸಾಫ್ಟ್‌ವೇರ್ ಬದಲಿಸಿ ಎತ್ತರಿಸಿತು. 2014ರ ಮಾರ್ಚಿನಲ್ಲಿ ತಳಕ್ಕೆ ಟೈಟಾನಿಯಂ ಕವಚ ಸೇರಿಸಿತು. ಕಾರು ಕಟ್ಟಿದವರೇ ಹೆದರಿ ಮೇಲೆತ್ತಿದ್ದನ್ನು ನಾವು ಗ್ಯಾರೇಜಿನಲ್ಲಿ ಕೆಳಗಿಳಿಸಲು ಹೊರಟರೆ, ಆಮೇಲೆ ಹಂಪ್ ಮೇಲೆ ಉಳಿಯುವುದು ಬರೀ ಗೀರಾಗಿರುವುದಿಲ್ಲ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ತಯಾರಕರು ನಿಗದಿ ಮಾಡಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಮಿನಂತೆ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಅಪಘಾತವಾದ ಮೇಲೆ ಕತ್ತರಿಸಿದ ಸ್ಪ್ರಿಂಗ್ ಕಣ್ಣಿಗೆ ಬಿದ್ದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ಬೇರೆ ನೆಪ ಬೇಕಿಲ್ಲ.

ಹಾಗಾದರೆ ಕಾರಿನ ನಡೆ ಸುಧಾರಿಸಬಾರದೇ? ಸುಧಾರಿಸಬಹುದು. ಎತ್ತರ ಮುಟ್ಟದೆಯೇ ದೊಡ್ಡ ಪಾಲು ಸುಧಾರಿಸಬಹುದು. ಲಕ್ಷ ಕಿಲೊಮೀಟರ್ ಓಡಿ ದಣಿದ ಶಾಕ್ ಅಬ್ಸಾರ್ಬರ್ ಬದಲಿಸಿ, ಸವೆದ ಬುಷ್‌ಗಳನ್ನು ಹೊಸದು ಮಾಡಿಸಿ, ಒಳ್ಳೆಯ ಟೈರು ಹಾಕಿ, ಅಲೈನ್‌ಮೆಂಟ್ ಮಾಡಿಸಿ. ಎರಡು ಇಂಚು ತಗ್ಗಿಸಿ ಗಳಿಸಿದ್ದಕ್ಕಿಂತ ಹೆಚ್ಚಿನ ಹಿಡಿತ ಇಷ್ಟರಲ್ಲೇ ಸಿಗಬಹುದು. ಈಗಾಗಲೇ ತಗ್ಗಿಸಿದ ಕಾರು ಕೊಂಡವರು, ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಸ್ಪ್ರಿಂಗಿನ ತುದಿಯನ್ನು ಟಾರ್ಚ್ ಹಾಕಿ ನೋಡಲಿ. ಕಂಪನಿಯ ತುದಿ ನಯವಾಗಿ ಪೀಠಕ್ಕೆ ಕೂತಿರುತ್ತದೆ, ಕಟರ್ ತುದಿ ಸುಟ್ಟು ಒರಟಾಗಿರುತ್ತದೆ. ಟೈರಿನ ಒಳಅಂಚನ್ನು ಕೈಯಿಂದ ಸವರಲಿ. ನಾಲ್ಕೂ ಚಕ್ರದ ನಡುವಿನಿಂದ ಮೇಲಿನ ಅಂಚಿನವರೆಗಿನ ಎತ್ತರವನ್ನು ಟೇಪು ಹಿಡಿದು ಬರೆದಿಟ್ಟುಕೊಳ್ಳಲಿ.

ಇನ್ನೂ ನಂಬಿಕೆ ಬಾರದಿದ್ದರೆ ಹತ್ತು ರೂಪಾಯಿಯೊಳಗಿನ ಒಂದು ಪರೀಕ್ಷೆ ಇದೆ. ಶಾಕ್ ಅಬ್ಸಾರ್ಬರಿನ ಹೊಳೆಯುವ ದಂಡಕ್ಕೆ ಒಂದು ಕೇಬಲ್ ಟೈ ಕಟ್ಟಿ, ಕೆಳಗಿನ ಕೊಳವೆಗೆ ತಾಗುವಂತೆ ಸರಿಸಿ. ಕಾರಿನ ತುಂಬ ಜನ ಕೂರಿಸಿಕೊಂಡು ಕೊಂಡಜ್ಜಿಗೆ ಹೋಗಿ ಬನ್ನಿ. ಕೊಳವೆ ಎಷ್ಟು ಎತ್ತರಕ್ಕೆ ಏರಿತೋ ಅಷ್ಟು ಎತ್ತರಕ್ಕೆ ಟೈ ತಳ್ಳಿಸಿಕೊಂಡು ಅಲ್ಲೇ ನಿಂತಿರುತ್ತದೆ. ಬಂಪ್ ಸ್ಟಾಪಿಗೆ ಅಂಟಿ ನಿಂತಿದ್ದರೆ, ಹೋಗಿ ಬರುವಷ್ಟರಲ್ಲಿ ಇಡುಗಂಟು ಎಲ್ಲೋ ಒಂದು ಕಡೆ ಪೂರ್ತಿ ಖಾಲಿಯಾಗಿತ್ತು ಎಂದರ್ಥ. ಹೋದ ಭಾನುವಾರ ಆ ಹುಡುಗನಿಗೆ ಇದನ್ನೇ ಹೇಳಿದೆ. ಅವನು ಚಕ್ರದ ಸಂದಿಯಲ್ಲಿ ಎರಡು ಬೆರಳು ತೂರಿಸಿ ನೋಡಿದ. ಬೆರಳು ಹಿಡಿಸಲಿಲ್ಲ. ಟೈ ಕಟ್ಟಲು ಕೈಯೇ ಹೋಗಲಿಲ್ಲ.